ಇಳಿಸಿ ಅನ್ನಲಾರದ ಮಾಯಿಗ

ಈ ಕಡೆ ಮಗ್ಗುಲಾಗಲಾ, ಆ ಕಡೆ ಮಗ್ಗುಲಾಗಲಾ ಅಂತ ಆಗಿಂದ ಹೊರಳಾಡ್ತಾ ಇದೀಯಲ್ಲ ಪುಟ್ಟಾ, ದುಪ್ಪಟಿಯೆಲ್ಲ ಹಗ್ಗದ ಥರ ಆಗೋಯ್ತು. ಬಾ ಇಲ್ಲಿ, ನನ್ನ ತೋಳಿನ ಮೇಲೆ ತಲೆ ಇಡು. ಹೂಂ ಅಂತಾ ಇರಬೇಕು ಆಯ್ತಾ, ನೀನು ಹೂಂ ಅನ್ನೋದು ನಿಲ್ಲಿಸಿದ ಕಡೆ ನಾನೂ ನಿಲ್ಲಿಸಿ ಮಲಗಿಬಿಡ್ತೀನಿ.

ಒಂದಾನೊಂದು ಕಾಲದಲ್ಲಿ, ಅಂದ್ರೆ ನಾನು ಹುಟ್ಟೋದಿರಲಿ, ನಮ್ಮಜ್ಜಿಗೇ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಒಂದೂರಲ್ಲಿ ಜವರಯ್ಯ ಅಂತ ಒಬ್ಬ ಇದ್ನಂತೆ. ಅವನದೊಂದು ಆಲೆಮನೆ. ಆಲೆಮನೆ ಅಂದ್ರೆ ಬೆಲ್ಲ ಮಾಡೋ ಜಾಗ ಕಣೋ. ಊರೋರೆಲ್ಲ ಅವರವರ ಕಬ್ಬು ಕಡಿದು ತರೋರು, ಗಾಣದಲ್ಲಿ ಅರೆದು ಹಾಲು ತೆಗೆಯೋರು, ಆಮೇಲೆ ಆ ಹಾಲನ್ನ ಈ ಕೋಣೆಯಷ್ಟು ಅಗಲದ ಕೊಪ್ಪರಿಗೆಗೆ ಸುರಿದು ಕುದಿಸೋರು. ಕುದಿದೂ ಕುದಿದೂ ಹಾಲು ಹೋಗಿ ಪಾಕ ಆಗುತ್ತೆ, ಪಾಕ ಹದಕ್ಕೆ ಬಂದ ಗಳಿಗೇಲಿ ಕೊಪ್ಪರಿಗೇನ ಒಲೆಯಿಂದ ಇಳಿಸಿ ಅಚ್ಚಿಗೆ ಹುಯ್ಯಬೇಕು. ಬೇಗ ಇಳಿಸಿದ್ರೆ ಬೆಲ್ಲ ಎಳೆ ಆಗಿ ಕೈಗೆ ಅಂಟುತ್ತೆ, ತಡ ಮಾಡಿದ್ರೆ ಕಲ್ಲಾಗುತ್ತೆ, ಇನ್ನೂ ತಡ ಮಾಡಿದ್ರೆ ಸೀದುಹೋಗುತ್ತೆ.

ಆ ಜವರಯ್ಯನಿಗೆ ಮೂರು ಜನ ಗಂಡು ಮಕ್ಕಳು. ದೊಡ್ಡೋನು ಗಾಣಕ್ಕೆ ಎತ್ತು ಕಟ್ಟಿ ಸುತ್ತಿಸ್ತಿದ್ನಂತೆ, ನಡುವಿನೋನು ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕ್ತಿದ್ನಂತೆ, ಕಿರಿಯೋನು ಮಾಯಿಗ ಅಪ್ಪನ ಪಕ್ಕದಲ್ಲೇ ನಿಂತು ಪಾಕ ನೋಡೋದು ಕಲೀತಿದ್ನಂತೆ. ಪಾಕ ನೋಡೋದು ಕಣ್ಣಲ್ಲಲ್ಲ ಮತ್ತೆ, ಬೆರಳಲ್ಲಿ. ಎಡಗೈಲೊಂದು ತಣ್ಣೀರಿನ ಬಟ್ಟಲು ಹಿಡೀಬೇಕು, ಬಲಗೈ ಬೆರಳನ್ನ ಅದರಲ್ಲಿ ಅದ್ದಬೇಕು, ಸೌಟಿಗೆ ಬಂದ ಪಾಕದಲ್ಲಿ ಒಂದು ಚೂರು ಚಿವುಟಬೇಕು, ಥಟ್ಟನೆ ನೀರೊಳಗೆ ಉಂಡೆ ಕಟ್ಟಿ ನೋಡಬೇಕು. ಉಂಡೆ ಬೆರಳಿಗೆ ಅಂಟದೆ ಮೆತ್ತಗೆ ನಿಂತ್ರೆ ಹದ ಬಂತು ಅಂತ.

ಆ ಆಲೆಮನೇಲಿ ಎರಡು ಪದ್ಧತಿ ಇದ್ವಂತೆ, ಚೆನ್ನಾಗಿ ಕೇಳಿಸ್ಕೋ. ಪಾಕ ನೋಡೋನು ಇಳಿಸಿ ಅನ್ನೋ ತನಕ ಬೇರೆ ಯಾರೂ ಆ ಮಾತು ಆಡೋ ಹಾಗಿಲ್ಲ, ಕೊಪ್ಪರಿಗೆ ಮುಟ್ಟೋ ಹಾಗಿಲ್ಲ, ಕಣ್ಣ ಮುಂದೆ ಸೀದುಹೋಗ್ತಿದ್ರೂ ಅಷ್ಟೇ. ಇನ್ನೊಂದು, ಬೆಲ್ಲ ಆದ ಮೇಲೆ ಕಬ್ಬಿನ ಯಜಮಾನ ಮೊದಲ ಚೂರನ್ನ ಪಾಕ ನೋಡಿದೋನ ಬಾಯಿಗೆ ತನ್ನ ಕೈಯಾರೆ ಇಡಬೇಕು. ಅವನು ಅಲ್ಲೇ ಎಲ್ಲರ ಎದುರಿಗೆ ತಿನ್ನಬೇಕು.

ನಲವತ್ತು ವರ್ಷ ಬಿಸಿ ಪಾಕದಲ್ಲಿ ಆಡಿಸಿ ಆಡಿಸಿ ಜವರಯ್ಯನ ಬೆರಳು ಜಡ್ಡುಗಟ್ಟಿ ಹೋದ್ವಂತೆ. ಒಂದು ದಿನ ಬೆರಳಿಗೆ ಬಿಸಿ ಯಾವುದು, ತಣ್ಣಗೆ ಯಾವುದು ಅನ್ನೋದೇ ತಿಳೀಲಿಲ್ಲ. ಆಮೇಲೆ ಅವನು ಬಟ್ಟಲನ್ನ ಮಾಯಿಗನ ಕೈಗೆ ಕೊಟ್ಟು ಗೋಡೆಗೆ ಒರಗಿ ಕೂತ. ದೊಡ್ಡ ಮಕ್ಕಳಿಬ್ಬರೂ ನಮ್ಮನ್ನ ಬಿಟ್ಟು ಇವನಿಗಾ ಅಂತ ಮುಖ ಊದಿಸಿಕೊಂಡ್ರು. ಅದಕ್ಕೆ ಜವರಯ್ಯ, ಕುದಿಯೋ ಸದ್ದು ಕೇಳೇ ಇವನು ಹದ ಹೇಳ್ತಾನೆ, ನಿಮ್ಮ ಕೈಲಾಗುತ್ತಾ ಅಂದ್ನಂತೆ. ಸುಳ್ಳಲ್ಲ ಅದು. ಮಾಯಿಗನಷ್ಟು ಪಾಕ ಬಲ್ಲೋನು ಆ ಸೀಮೇಲೇ ಇರಲಿಲ್ಲ. ತೊಂದರೆ ಆಗಿದ್ದೂ ಅದರಿಂದಲೇ ನೋಡು.

ವರ್ಷದ ಮೊದಲನೇ ಕೊಪ್ಪರಿಗೆ ಊರಿಂದು. ಸಂಕ್ರಾಂತಿ ಎಳ್ಳುಬೆಲ್ಲಕ್ಕೆ ಅಂತ ಮನೆಗೊಂದು ಹೊರೆ ಕಬ್ಬು ಕೊಟ್ಟಿದ್ರು, ಹೆಂಗಸರು ಮಕ್ಕಳು ಎಲ್ಲಾ ಸುತ್ತ ನಿಂತಿದ್ರು. ಮಾಯಿಗ ಬೆರಳದ್ದಿ ಉಂಡೆ ಕಟ್ಟಿದ. ಹದ ಬಂದಿತ್ತು, ಕಡ್ಡಿ ಮುರಿದ ಹಾಗೆ ಹೇಳಬಹುದಿತ್ತು. ಇಳಿಸಿ ಅನ್ನೋಕೆ ಬಾಯಿ ತೆಗೆದ. ಅಷ್ಟರಲ್ಲಿ ತಲೆಗೊಂದು ಹುಳ ಬಿಟ್ಕೊಂಡ. ನಾನು ತೆಗೆದಿದ್ದು ಈ ಮೂಲೆ ಪಾಕ, ಆ ಮೂಲೇಲಿ ಉರಿ ಕಮ್ಮಿ, ಅಲ್ಲಿ ಹದ ಬಂದಿರದೇ ಇದ್ರೆ, ಇನ್ನೊಂದ್ಸಲ ನೋಡೇಬಿಡೋಣ ಅಂದ್ಕೊಂಡ. ನೋಡಿದ, ಅಲ್ಲೂ ಹದ ಬಂದಿತ್ತು. ಆದ್ರೆ ಬಟ್ಟಲ ನೀರು ಬೆಚ್ಚಗಾಗಿದೆಯಲ್ಲ, ಬೆಚ್ಚನೆ ನೀರಲ್ಲಿ ಕಟ್ಟಿದ ಉಂಡೆ ನಂಬೋದು ಹೆಂಗೆ, ನೀರು ಬದಲಾಯಿಸಿ ಇನ್ನೊಂದ್ಸಲ ನೋಡೋಣ ಅಂತ ಬಾವಿ ತನಕ ಹೋಗಿ ಬಂದ. ಮೂರನೇ ಸಲ ಉಂಡೆ ಬಟ್ಟಲಿಗೆ ತಗುಲಿ ಠಣ್ ಅಂತು. ಆವಾಗ ಇಳಿಸಿ ಅಂದ.

ಆ ಬೆಲ್ಲ ಒಡೆಯೋಕೆ ಕೊಡಲಿ ತಂದ್ರಂತೆ. ಊರ ಯಜಮಾನ ಒಂದು ಚೂರು ಅವನ ಬಾಯಿಗಿಟ್ಟ, ಮಾಯಿಗ ಆ ದವಡೆಗೆ ಹಾಕ್ತಾನೆ, ಈ ದವಡೆಗೆ ಹಾಕ್ತಾನೆ, ಕಟುಂ ಕಟುಂ ಅಂತ ಸದ್ದಾಯ್ತೇ ಹೊರತು ಕರಗಲಿಲ್ಲ. ಮಕ್ಕಳು ಕೈ ತಟ್ಟಿ ನಕ್ಕವು. ಅವತ್ತಿಂದ ಅವನಿಗೆ ಇನ್ನೊಂದ್ಸಲದ ಮಾಯಿಗ ಅಂತಲೇ ಹೆಸರಾಯ್ತಂತೆ. ಕಿವಿ ತುದಿವರೆಗೂ ನಾಚಿಕೆಯಾಗಿ ಬಾಯಲ್ಲಿ ಬೆಲ್ಲ ಇಟ್ಕೊಂಡೇ ಅಪ್ಪನ ಹತ್ರ ಹೋದ್ನಂತೆ. ನಿನಗೆ ವಾಸನೆ ತಿಳಿದಿತ್ತಲ್ಲಪ್ಪ, ಒಂದು ಕೆಮ್ಮಾದ್ರೂ ಕೆಮ್ಮಬಾರದಿತ್ತಾ ಅಂದ. ಜವರಯ್ಯ ಹೇಳಿದ್ನಂತೆ, ಇವತ್ತು ಕೆಮ್ಮಿದ್ರೆ ನಾಳೆಯೂ ನನ್ನ ಕೆಮ್ಮಿಗೇ ಕಾಯ್ತೀಯ, ನಾನು ಸತ್ತ ಮೇಲೆ ಯಾರ ಕೆಮ್ಮಿಗೆ ಕಾಯ್ತೀಯ.

ಹೂಂ ಅನ್ನು. ಎಚ್ಚರ ಇದೀಯಾ?

ಆಮೇಲೆ ಎರಡನೇ ಕೊಪ್ಪರಿಗೆ ಬಂತು. ಅದು ಕೆಂಚವ್ವಂದು. ಕೆಂಚವ್ವ ಗಂಡ ಇಲ್ಲದ ಹೆಂಗಸು, ಗುಡಿಸಲ ಹಿಂದೆ ಒಂದು ಪಟ್ಟೆ ಕಬ್ಬು, ವರ್ಷಕ್ಕೆಲ್ಲ ಸೇರಿ ಅವಳಿಗೆ ಒಂದೇ ಒಂದು ಕೊಪ್ಪರಿಗೆ. ಆ ವರ್ಷ ಅವಳ ಮಗಳು ದೇವೀರಿ ಹೆರಿಗೆಗೆ ಬಂದಿದ್ಲು, ತುಂಬಿದ ಬಸುರಿ. ಬಾಣಂತಿಗೆ ಮೆಣಸು ಬೆಲ್ಲ, ಶುಂಠಿ ಬೆಲ್ಲ, ಕೊಬ್ಬರಿ ಬೆಲ್ಲ, ಯಾವುದಕ್ಕೂ ಬೆಲ್ಲ ಬೇಕಲ್ಲ. ಊರೋರು ಮಾಯಿಗನ ಕೈಗೆ ಕೊಡಬೇಡ ಅಂದ್ರೂ ಕೆಂಚವ್ವ ಕೇಳದೆ, ಇದು ನನ್ನ ಮಗಳ ಬಾಣಂತನದ ಬೆಲ್ಲ ಕಣ್ ಮಗ, ನೋಡ್ಕೊಂಡು ಮಾಡು ಅಂದ್ಲಂತೆ.

ಮಾಯಿಗ ಹಿಂದಿನ ದಿನವೇ ಆಣೆ ಇಟ್ಕೊಂಡಿದ್ದ, ಒಂದೇ ಸಲ ಅದ್ದೋದು, ಎರಡನೇ ಸಲ ಅದ್ದಿದ್ರೆ ನಾನು ಜವರಯ್ಯನ ಮಗನೇ ಅಲ್ಲ ಅಂತ. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದ, ಹಾಲು ತಿಳಿಯಾಯ್ತು, ಪಾಕ ಹೊನ್ನಿನ ಬಣ್ಣಕ್ಕೆ ತಿರುಗ್ತು, ಬೆರಳದ್ದಿದ, ಉಂಡೆ ಕಟ್ತು, ಹದ ಬಂತು. ಅಣ್ಣಂದಿರು ಕೊಪ್ಪರಿಗೆ ಇಳಿಸೋ ಬೊಂಬು ಹೆಗಲ ಮೇಲಿಟ್ಕೊಂಡು ಅವನ ಬಾಯಿ ನೋಡ್ತಾ ನಿಂತ್ರು. ಅಷ್ಟರಲ್ಲಿ ಅವನಿಗೆ ಕೆಂಚವ್ವನ ಮುಖ ಕಾಣಿಸ್ತು. ಬೇರೆಯೋರದಾಗಿದ್ರೆ ಹೆಂಗೋ ಆಗ್ತಿತ್ತು, ಇದು ಒಂದೇ ಕೊಪ್ಪರಿಗೆ, ಇವಳದ್ದೇ ಕೆಟ್ಟೋದ್ರೆ ಊರು ಏನಂತದೆ ಅಂತ ಅನ್ನಿಸ್ತು. ಸ್ವಲ್ಪ ಎಳೆ ಆದ್ರೂ ಮಳೆಗಾಲದಲ್ಲಿ ಬೆವರುತ್ತೆ, ಬೆವರಿದ ಬೆಲ್ಲ ಬಾಣಂತಿಗೆ ಆಗುತ್ತೋ ಇಲ್ವೋ, ಸ್ವಲ್ಪ ಬಲಿತ್ರೆ ಇಟ್ಟುಕೊಳ್ಳೋಕೆ ಒಳ್ಳೇದು, ಆದ್ರೆ ಬಲಿತ ಬೆಲ್ಲ ಅವಳು ಕುಟ್ಟೋದು ಹೆಂಗೆ. ಆಣೆ ಎಲ್ಲಿಗೆ ಹೋಯ್ತೋ, ಎರಡನೇ ಸಲ ಅದ್ದಿದ. ಆಮೇಲೆ, ಆಣೆ ಹೇಗೂ ಮುರೀತಲ್ಲ ಅಂತ ಮೂರನೇ ಸಲವೂ ಅದ್ದಿದ.

ದೊಡ್ಡಣ್ಣ ತಡೀಲಾರದೆ, ಲೋ, ವಾಸನೆ ಬರ್ತಾ ಐತೆ ಕಣ್ಲಾ ಅಂದ್ನಂತೆ. ಇಳಿಸಿ ಅನ್ನೋ ಹಾಗಿಲ್ಲವಲ್ಲ ಅವನು, ಅಷ್ಟೇ ಹೇಳಿದ. ಮಾಯಿಗ ಅದಕ್ಕೂ ಯೋಚನೆ ಮಾಡಿದ, ಈ ವಾಸನೆ ಒಲೆಯ ಸಿಪ್ಪೇದಾ, ಕೊಪ್ಪರಿಗೇದಾ ಅಂತ. ಜವರಯ್ಯ ಗೋಡೆ ಕಡೆ ಮುಖ ತಿರುಗಿಸಿಕೊಂಡ. ಕೆಂಚವ್ವ ಸೆರಗನ್ನ ಬಾಯಿಗೆ ಒತ್ಕೊಂಡು ನಿಂತಿದ್ಲು. ಸೀದ ವಾಸನೆ ಊರಿಗೆಲ್ಲ ಗೊತ್ತಾದ ಮೇಲೆ ಮಾಯಿಗ ಇಳಿಸಿ ಅಂದ.

ಅಚ್ಚಿಂದ ಎದ್ದ ಬೆಲ್ಲ ಇದ್ದಿಲು ಇದ್ದಂಗಿತ್ತು. ಈ ಸಲ ಯಾರೂ ನಗಲಿಲ್ಲ. ಪದ್ಧತಿ ಅಲ್ವಾ, ಕೆಂಚವ್ವ ಒಂದು ಚೂರು ಮುರಿದು ಅವನ ಬಾಯಿ ಹತ್ರ ತಂದ್ಲು. ಅವನು ತಲೆ ಎತ್ತಲಿಲ್ಲ, ಅವಳೇ ಗಲ್ಲ ಹಿಡಿದು ಎತ್ತಿ ಬಾಯೊಳಗಿಟ್ಲು. ಕಹಿ ಅಂದ್ರೆ ಕಹಿ, ಬೇವಿಗಿಂತ ಕಹಿ. ಬೈದಿದ್ರೆ, ಕೆನ್ನೆಗೆರಡು ಬಾರಿಸಿದ್ರೆ ಎಷ್ಟೋ ಮೇಲಾಗ್ತಿತ್ತು ಅವನಿಗೆ. ಅವಳು ಸುಮ್ಮನೆ ಆ ಕರೀ ಬೆಲ್ಲಾನ ಕುಕ್ಕೆಗೆ ತುಂಬ್ಕೊಂಡು ತಲೆ ಮೇಲೆ ಹೊತ್ಕೊಂಡು ಹೋದ್ಲಂತೆ. ಬೇರೆ ಬೆಲ್ಲ ಎಲ್ಲಿತ್ತು ಅವಳಿಗೆ, ಇಡೀ ವರ್ಷಕ್ಕೆ ಅದೇ.

ಆಮೇಲೇನಾಯ್ತು ಅಂತೀಯ, ತಪ್ಪಾಯ್ತು ಅಂತ ಹೇಳೋಕೂ ಅವನಿಗೆ ಯೋಚನೆ. ಬರಿಗೈಲಿ ಹೋಗೋದು ಹೆಂಗೆ, ನಮ್ಮನೆ ಬೆಲ್ಲ ತಗೊಂಡು ಹೋದ್ರೆ ಬಾಯಿ ಮುಚ್ಚಿಸೋಕೆ ತಂದ ಅಂದ್ಕೊಂಡ್ರೆ, ಮಗಳು ಎದ್ದಿದ್ರೆ, ಮಗಳು ಮಲಗಿದ್ರೆ. ದಿನಾ ಹೊರಡೋನು, ಕೆಂಚವ್ವನ ಬಾಗಿಲ ಎದುರಿನ ಹುಣಸೇಮರದ ತನಕ ಹೋಗೋನು, ಮರದ ಬುಡದಲ್ಲಿ ನಿಂತು ಮೊದಲು ಯಾವ ಮಾತು ಆಡೋದು ಅಂತ ಯೋಚಿಸೋನು, ತಿರುಗಿ ಬರೋನು. ಮೂರು ತಿಂಗಳು ಹಿಂಗೇ ಆಯ್ತಂತೆ. ಮನೇಲಿ ಬೆಲ್ಲದ ಮಡಕೆ ಹಾಗೇ ಕೂತಿತ್ತು, ಒಂದು ಅಚ್ಚೂ ಅವಳ ಮನೆ ಸೇರಲಿಲ್ಲ. ನೋಡು, ಅವಳ ಬೆಲ್ಲ ಸೀಯಿಸಿದ್ದು ಒಂದು ತಪ್ಪು. ಕೈಲಿದ್ದ ಬೆಲ್ಲ ಕೊಡದೇ ಮರದ ಕೆಳಗೆ ನಿಂತಿದ್ದು ಅದಕ್ಕಿಂತ ದೊಡ್ಡ ತಪ್ಪು. ಅಜ್ಜಿ ಕತೆ ಅಂತ ನಾನದನ್ನ ಬಿಟ್ಟು ಹೇಳಲ್ಲ.

ಅವನು ಬರಲಿಲ್ಲ, ಅವಳೇ ಬಂದ್ಲು. ದೇವೀರಿಗೆ ಹೆಣ್ಣು ಮಗು ಆಗಿತ್ತು, ನಾಮಕರಣಕ್ಕೆ ಕರೆಯೋಕೆ ಬಂದಿದ್ಲು. ಮಾಯಿಗ ಹೋಗಲೇಬೇಕಾಯ್ತು. ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ರ ಎಲೆ ಹಾಕಿಸ್ಕೊಂಡ. ಬೆಲ್ಲದ ಅನ್ನ ಬಡಿಸಿದ್ರು, ಅನ್ನವೆಲ್ಲ ಕಪ್ಪಗೆ. ಜನ ಒಂದೊಂದು ತುತ್ತು ಬಾಯಿಗಿಟ್ರು, ಅಗಿಯೋದು ನಿಂತೋಯ್ತು, ಮುಖ ಮುಖ ನೋಡ್ಕೊಂಡ್ರು, ಆಮೇಲೆ ಒಬ್ಬೊಬ್ಬರೇ ತಿರುಗಿ ಬಾಗಿಲ ಕಡೆ ನೋಡಿದ್ರು. ಒಳಗೆ ಬಾಣಂತಿ ಕೂತಿದ್ಲು, ಬಿಳಿಚಿಕೊಂಡ ಮುಖ. ಮಾಯಿಗ ಎಲೆಯಿಂದ ತಲೆ ಎತ್ತದೆ ಪೂರ್ತಿ ತಿಂದ. ಕೆಂಚವ್ವ ಇನ್ನೊಂದು ಸೌಟು ಹಾಕಿದ್ಲು, ಅದನ್ನೂ ತಿಂದ. ತಿಂದು ಎದ್ದೋನು ಕೊಟ್ಟಿಗೆ ಹಿಂದೆ ಹೋಗಿ, ಮೀಸೆ ಬಂದ ಗಂಡಸು, ಮಕ್ಕಳ ಹಾಗೆ ಅತ್ನಂತೆ.

ಕೆಂಚವ್ವ ಕೈಗೆ ನೀರು ಕೊಡೋಕೆ ಚೊಂಬು ಹಿಡ್ಕೊಂಡು ಅಲ್ಲಿಗೇ ಬಂದ್ಲು. ಆವಾಗ ಮೊದಲು ಯಾವ ಮಾತು ಅನ್ನೋದೆಲ್ಲ ಮರೆತುಹೋಗಿ ಬಾಯಿಂದ ತಾನಾಗೇ ಬಂತು.

“ದೊಡ್ಡವ್ವಾ, ಮೊದಲನೇ ಸಲಾನೇ ನಂಗೆ ಗೊತ್ತಾಗಿತ್ತು. ಹದ ಬಂದಿತ್ತು. ತಪ್ಪಾದ್ರೆ ಜನ ಏನಂತಾರೆ ಅಂತ ನಿಂತ್ಕಂಡೆ. ನಾನು ನಿನ್ನ ಬೆಲ್ಲ ನೋಡ್ಲಿಲ್ಲ, ನನ್ನ ಮಾನ ನೋಡ್ಕಂಡೆ.”

ಕೆಂಚವ್ವ ಚೊಂಬು ಬಗ್ಗಿಸಿ ಅವನ ಕೈಗೆ ನೀರು ಹುಯ್ದ್ಲು.

“ನಂಗೂ ಗೊತ್ತಿತ್ತು ಕಣ್ ಮಗ. ನಿನ್ನ ಬೆರಳಲ್ಲಿದ್ದ ಉಂಡೆ ನಾನೂ ನೋಡ್ದೆ. ಪದ್ಧತಿ ಅಂತ ಸೆರಗು ಕಚ್ಕಂಡು ನಿಂತೆ. ನನ್ನ ಮಗಳ ಬೆಲ್ಲ, ನಾನಾದ್ರೂ ಕೂಗಬೋದಿತ್ತು. ನಾಚಿಕೆ ನಿನಗೊಬ್ಬನಿಗೇ ಅಲ್ಲ.”

ಅವತ್ತೇ ಸಂಜೆ ಮಾಯಿಗ ಮನೇಲಿದ್ದ ಬೆಲ್ಲದ ಮಡಕೇನ ಹಾಗೇ ಹೊತ್ತು ತಂದು ಅವಳ ಜಗಲಿ ಮೇಲಿಟ್ಟು ಹೋದ್ನಂತೆ. ಹುಣಸೇಮರದ ಹತ್ರ ನಿಲ್ಲಲಿಲ್ಲ.

ಆಮೇಲೆ ವರ್ಷ ತಿರುಗ್ತು, ಕಬ್ಬು ಬಲೀತು. ಊರೋರೆಲ್ಲ ಗಾಡಿ ಕಟ್ಕೊಂಡು ಕಾಲುವೆ ಆಚೆ ಊರಿನ ಆಲೆಮನೆಗೆ ಹೋದ್ರು. ಜವರಯ್ಯನ ಒಲೇಲಿ ಬೆಕ್ಕು ಮರಿ ಹಾಕಿತ್ತಂತೆ, ಅಷ್ಟು ತಣ್ಣಗಿತ್ತು. ಅಣ್ಣಂದಿರಿಬ್ಬರೂ ಆಚೆ ಆಲೆಮನೆಗೇ ಕೂಲಿಗೆ ಹೋದ್ರು, ಹೋಗೋವಾಗ ಇನ್ನೊಂದ್ಸಲ, ಇನ್ನೊಂದ್ಸಲ ಅಂತ ತಮ್ಮನ್ನ ಆಡಿಕೊಂಡೇ ಹೋದ್ರು. ಜವರಯ್ಯ ದಿನಾ ತಣ್ಣೀರಿನ ಬಟ್ಟಲು ಬೆಳಗಿ ಇಡ್ತಿದ್ನಂತೆ.

ಒಂದು ದಿನ ಬೆಳಿಗ್ಗೆ ಕೆಂಚವ್ವ ಕಬ್ಬಿನ ಗಾಡಿ ಹೊಡ್ಕೊಂಡು ಬಂದ್ಲು. ಸೊಂಟದ ಮೇಲೆ ಕೂಸು, ಪಕ್ಕದಲ್ಲಿ ದೇವೀರಿ. ಜವರಯ್ಯನೇ ಎದ್ದು ಬಂದು, ಇಲ್ಲಿಗ್ಯಾಕೆ ಬಂದೆ ತಾಯಿ, ಯೋಚನೆ ಮಾಡಿ ಬಂದ್ಯಾ ಅಂತ ಕೇಳಿದ್ನಂತೆ. ಕಬ್ಬು ಕಡಿದಾಗೈತೆ, ಹುಳಿ ಹಿಡಿಯೋ ಮುಂಚೆ ಗಾಣಕ್ಕೆ ಹಾಕ್ಸಿ, ಕಡಿದ ಕಬ್ಬು ನನ್ನ ಯೋಚನೆಗೆ ಕಾಯ್ತದಾ ಅಂದ್ಲು ಅವಳು. ಬೆಕ್ಕು ಮರಿಗಳನ್ನ ಬುಟ್ಟಿಗೆ ಹಾಕಿ ಒಲೆ ಹಚ್ಚಿದ್ರು. ಅಣ್ಣಂದಿರಿಗೆ ಹೇಳಿ ಕಳಿಸಿದ್ರು, ಬೈಕೊಂಡೇ ಬಂದ್ರು. ತಮಾಷೆ ನೋಡೋಕೆ ಅರ್ಧ ಊರೇ ಬಂತು.

ಪಾಕ ಕುದೀತು. ಸದ್ದು ಮೊದಲು ಸಳಸಳ ಅಂತಿದ್ದಿದ್ದು ಆಮೇಲೆ ದಪ್ಪಗೆ ಗುಳುಗುಳು ಅಂತು. ಮಾಯಿಗ ಬಟ್ಟಲು ಹಿಡಿದ. ಬೆರಳದ್ದಿದ, ಚಿವುಟಿದ, ಉಂಡೆ ಕಟ್ಟಿದ. ಬಂದ ಹಾಗಿತ್ತು, ಒಂದು ಕೂದಲೆಳೆಯಷ್ಟು ಎಳಸು ಅನ್ನೋ ಹಾಗೂ ಇತ್ತು. ತಲೆಯೊಳಗಿನ ಹುಳ ಎದ್ದು ಕೂತ್ಕೊಂತು. ಇನ್ನೊಂದ್ಸಲ ನೋಡು, ಹೋದ ಸಲದ ಹಾಗಲ್ಲ, ಈ ಸಲ ನಿಜವಾಗ್ಲೂ ಅನುಮಾನ ಇದೆ, ಈ ಸಲ ಒಂದೇ ಒಂದು ಸಲ. ಅವನ ಕೈ ಆಗಲೇ ಸೌಟಿನ ಕಡೆ ಹೊರಟಿತ್ತು ಕಣೋ. ಅಷ್ಟರಲ್ಲಿ ನಾಲಿಗೆ ಬುಡದಲ್ಲಿ ಒಂದು ಕಹಿ ಬಂತಂತೆ. ಹೋದ ವರ್ಷದ ಕಹಿ, ಕೆಂಚವ್ವ ಗಲ್ಲ ಎತ್ತಿ ಬಾಯಿಗಿಟ್ಟಿದ್ದು.

ಮಾಯಿಗ ಬಟ್ಟಲನ್ನ ಬೋರಲು ಹಾಕಿಬಿಟ್ಟ. ನೀರೆಲ್ಲ ಅವನ ಕಾಲ ಮೇಲೇ ಚೆಲ್ಲಿಹೋಯ್ತು. ಇನ್ನು ನೋಡ್ತೀನಿ ಅಂದ್ರೂ ನೋಡೋಕಿಲ್ಲ.

“ಇಳಿಸಿ,” ಅಂದ.

ಯಾರೂ ಅಲ್ಲಾಡಲಿಲ್ಲ. ಇವನ ಬಾಯಿಂದ ಇಷ್ಟು ಬೇಗ ಆ ಮಾತು ಬರುತ್ತೆ ಅಂತ ಯಾರಿಗೆ ಗೊತ್ತು, ದೊಡ್ಡಣ್ಣ ಎಲೆಅಡಿಕೆ ಮಡಚ್ತಾ ಕೂತಿದ್ದ, ನಡುವಿನೋನು ಬೊಂಬನ್ನೇ ತಂದಿರಲಿಲ್ಲ. ಏನಂದೆ, ಇನ್ನೊಂದ್ಸಲ ಹೇಳು ಅಂದ್ನಂತೆ ದೊಡ್ಡಣ್ಣ. ಇಳಿಸಿ ಇಳಿಸಿ ಅಂತ ಮಾಯಿಗ ಕೂಗಿದ್ದಕ್ಕೆ ಎಲೆಅಡಿಕೆ ಎಸೆದು, ಎದ್ದು ಬಿದ್ದು ಓಡಿಬಂದು ಇಳಿಸಿದ್ರಂತೆ.

ಅಚ್ಚಿಗೆ ಹುಯ್ದಿದ್ದಾಯ್ತು, ಆರಿದ್ದಾಯ್ತು, ಮಗುಚಿದ್ರು. ಬಣ್ಣ ಚೆನ್ನಾಗಿತ್ತು. ಆದ್ರೆ ಮುಟ್ಟಿದ ಬೆರಳಿಗೆ ಸ್ವಲ್ಪ ಅಂಟ್ತು. ಅವನ ಅನುಮಾನ ನಿಜವೇ, ಕೂದಲೆಳೆಯಷ್ಟು ಎಳೆ ಆಗಿತ್ತು. ಜನ ಗುಸುಗುಸು ಅಂದ್ರು. ಮಾಯಿಗನ ಮುಖ ಕೆಂಪಗಾಯ್ತು, ಕಣ್ಣು ನೆಲಕ್ಕೆ ಹೋಯ್ತು. ಕೆಂಚವ್ವ ಮೆತ್ತಗೆ ಒಂದು ಚೂರು ಚಿವುಟಿ ಅವನ ಬಾಯಿಗಿಟ್ಲು. ಸಿಹಿ. ಅಂಗುಳಕ್ಕೆ ಅಂಟಿಕೊಳ್ಳೋ ಅಂಥ ಸಿಹಿ.

“ಎಳೆ ಆಯ್ತು ದೊಡ್ಡವ್ವ,” ಅಂದ.

“ಆಯ್ತು ಬಿಡು. ಮಳೆಗಾಲದಲ್ಲಿ ವಸಿ ಬೆವರ್ತದೆ, ಮಡಕೆಗೆ ಹಾಕಿ ಬಾಯಿ ಕಟ್ಟಿಡ್ತೀನಿ. ಬೆಲ್ಲ ಆಯ್ತಲ್ಲ,” ಅಂದ್ಲು ಕೆಂಚವ್ವ.

ಅಷ್ಟರಲ್ಲಿ ಸೊಂಟದ ಮೇಲಿದ್ದ ಕೂಸು ಬಗ್ಗಿ ಅಜ್ಜಿಯ ಕೈಲಿದ್ದ ಬೆಲ್ಲಕ್ಕೆ ಬಾಯಿ ಹಾಕ್ತಂತೆ. ಆಗತಾನೇ ಎರಡು ಹಲ್ಲು ಬಂದಿದ್ವು. ಗಟ್ಟಿ ಬೆಲ್ಲ ಆಗಿದ್ರೆ ಆ ಹಲ್ಲಿಗೆ ಎಲ್ಲಿ ಬಗ್ಗೋದು, ಇದು ಮೆತ್ತಗಿತ್ತು, ಕಚ್ಚಿ ಚೀಪಿ ಗದ್ದಕ್ಕೆಲ್ಲ ಬಳ್ಕೊಂಡು, ಮತ್ತೆ ಕೊಡು ಅಂತ ಕೈ ಚಾಚ್ತು. ಜನ ನಕ್ರು, ದೇವೀರಿ ನಕ್ಕಳು, ಗೋಡೆಗೆ ಒರಗಿದ್ದ ಜವರಯ್ಯನೂ ನಕ್ಕ. ಮಾಯಿಗ ನಗೋಕೆ ಹೋಗಿ ಅತ್ತುಬಿಟ್ಟ, ಸೌಟು ತೊಳೆಯೋ ನೆಪದಲ್ಲಿ ಆ ಕಡೆ ತಿರುಗಿದ.

ಆಮೇಲೆ ಒಬ್ಬೊಬ್ಬರಾಗಿ ಊರೋರೆಲ್ಲ ಗಾಡಿ ತಿರುಗಿಸ್ಕೊಂಡು ಬಂದ್ರು, ಅಣ್ಣಂದಿರೂ ಆಚೆ ಕೂಲಿ ಬಿಟ್ಟು ಮನೆ ಗಾಣಕ್ಕೆ ಎತ್ತು ಕಟ್ಟಿದ್ರು. ಒಂದು ವರ್ಷ ಬೆಲ್ಲ ಎಳೆ ಆಗೋದು, ಒಂದು ವರ್ಷ ಬಲಿಯೋದು, ಬಹಳ ವರ್ಷ ಚೆನ್ನಾಗೇ ಆಗೋದು. ಇನ್ನೊಂದ್ಸಲದ ಮಾಯಿಗ ಅನ್ನೋ ಹೆಸರು ಮಾತ್ರ ಸಾಯೋ ತನಕ ಹೋಗಲಿಲ್ಲ. ತಲೆಯೊಳಗಿನ ಹುಳವೂ ಹೋಗಲಿಲ್ಲವಂತೆ, ಪ್ರತಿ ಕೊಪ್ಪರಿಗೆಗೂ ಎದ್ದು ಕೂತ್ಕೊಳ್ಳೋದು. ಅದು ಎದ್ದ ಕೂಡ್ಲೇ ನಾಲಿಗೆ ಬುಡದಲ್ಲಿ ಆ ಕಹಿ ಬರೋದು, ಕಹಿ ಬಂದ ಕೂಡ್ಲೇ ಮಾಯಿಗ ಬಟ್ಟಲು ಬೋರಲು ಹಾಕಿ ಇಳಿಸಿ ಅನ್ನೋನು. ಆ ನಾಚಿಕೇನ ಅವನು ಯಾವತ್ತೂ ಉಗಿದುಬಿಡಲಿಲ್ಲ, ಹಾಗೇ ಬಾಯಲ್ಲಿಟ್ಕೊಂಡು ಬೇರೆಯೋರಿಗೆಲ್ಲ ಸಿಹಿ ಮಾಡಿದ.

ಆ ಎರಡು ಹಲ್ಲಿನ ಕೂಸು ಯಾರು ಅಂತ ಕೇಳಲೇ ಇಲ್ವಲ್ಲೋ. ಅವಳೇ ನಮ್ಮಜ್ಜಿ. ಅವಳಿಗೆ ಅವಳಜ್ಜಿ ಹೇಳಿದ್ದು, ನನಗೆ ಅವಳು ಹೇಳಿದ್ದು. ಬಾಯಲ್ಲಿ ಒಂದು ಹಲ್ಲೂ ಇಲ್ಲದ ಕಾಲಕ್ಕೂ, ಸ್ವಲ್ಪ ಎಳೆ ಬೆಲ್ಲ ಇದ್ರೆ ಕೊಡೇ ಅಂತ ಕೇಳ್ತಿದ್ಲು.

ಹೂಂ ಅನ್ನೋದು ನಿಂತೋಯ್ತಾ? ಯಾವ ಮಗ್ಗುಲಿಗೆ ಅಂತ ನನ್ನ ಕೇಳದೇನೇ ಮಲಗಿಬಿಟ್ಯಲ್ಲ, ಜಾಣ. ಅಲ್ಲಿ ಕೊಪ್ಪರಿಗೆ ತೊಳೆದು ಬೋರಲು ಹಾಕಿದ್ರು, ಇಲ್ಲಿ ನಮ್ಮ ಕತೆಯೂ ಮುಗೀತು.